ಮಿಶ್ರಲೋಹದ ಎಲೆಕ್ಟ್ರೋಡ್ ಮೇಲಿನ ತೆಳು ಲೋಹಪದರ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಶುದ್ಧ ತಾಮ್ರದ ಹಾಳೆಯ ಮೇಲೆ ಲೋಪವಿಲ್ಲದೆ ಕೂರುವ ವಿದ್ಯುತ್ ಲೇಪನ, ಅದೇ ದ್ರಾವಣದಲ್ಲಿ, ಅದೇ ಕರೆಂಟಿನಲ್ಲಿ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಎಲೆಕ್ಟ್ರೋಡ್ ಮೇಲೆ ಸಿಪ್ಪೆಯಾಗಿ ಎದ್ದುಬರುವುದುಂಟು. ಮಿಶ್ರಲೋಹದಲ್ಲಿರುವ ಪ್ರತಿಯೊಂದು ಧಾತುವೂ ಆಮ್ಲಕ್ಕೆ, ಗಾಳಿಗೆ, ನೀರಿಗೆ ತನ್ನದೇ ರೀತಿಯಲ್ಲಿ ಪ್ರತಿಕ್ರಿಯಿಸುತ್ತದೆ: ಕ್ರೋಮಿಯಂ ಆಕ್ಸೈಡಿನ ಕವಚ ಕಟ್ಟಿಕೊಳ್ಳುತ್ತದೆ, ಸತು ಕರಗಿಹೋಗುತ್ತದೆ, ಸೀಸ ಕರಗದ ಲವಣವಾಗಿ ಮೇಲ್ಮೈಯಲ್ಲೇ ಉಳಿಯುತ್ತದೆ. ಆದ್ದರಿಂದ ಇಂಥ ಪದರಗಳಲ್ಲಿ ಕಾಣುವ ದೋಷದ ಮೂಲವನ್ನು ಲೇಪನ ದ್ರಾವಣದಲ್ಲೋ ಸೂಕ್ಷ್ಮದರ್ಶಕದಲ್ಲೋ ಹುಡುಕುವ ಮೊದಲು, ಪದರದ ಕೆಳಗಿರುವ ಮಿಶ್ರಲೋಹವನ್ನೇ ಅನುಮಾನಿಸಬೇಕು ಎಂಬುದು ಈ ಕೈಪಿಡಿಯ ನಿಲುವು.

ಇದಕ್ಕೆ ಬೇಕಾದ ಸಾಧನ ಬಹಳ ಸರಳವಾದದ್ದು. ಲೇಪನಕ್ಕೆ ಬಳಸುವ ಹಾಳೆಯಿಂದಲೇ ಇನ್ನೊಂದು ತುಣುಕನ್ನು ಕತ್ತರಿಸಿ, ಉಜ್ಜುವುದು, ಜಿಡ್ಡು ತೆಗೆಯುವುದು, ಆಮ್ಲದಲ್ಲಿ ಅದ್ದುವುದು, ತೊಳೆಯುವುದು, ಲೇಪನ ದ್ರಾವಣದಲ್ಲಿ ಅಷ್ಟೇ ಹೊತ್ತು ಮುಳುಗಿಸಿಡುವುದು, ಒಣಗಿಸುವುದು ಎಂಬ ಎಲ್ಲ ಹಂತಗಳಲ್ಲೂ ಅದನ್ನು ಜೊತೆಗೆ ಒಯ್ಯಬೇಕು. ಆದರೆ ಅದರ ಮೂಲಕ ಕರೆಂಟ್ ಮಾತ್ರ ಹರಿಸಬಾರದು. ಮುಂದೆ ಇದನ್ನು ಜೊತೆತುಣುಕು ಎಂದು ಕರೆದಿದೆ. ಮಾದರಿಯಲ್ಲಿ ಕಂಡ ಯಾವುದೇ ವಿಚಿತ್ರ ಲಕ್ಷಣ ಜೊತೆತುಣುಕಿನಲ್ಲೂ ಕಂಡರೆ ಅದು ವಿದ್ಯುತ್ ಲೇಪನದಿಂದ ಬಂದದ್ದಲ್ಲ ಎಂಬುದು ಅಲ್ಲಿಗೆ ಖಚಿತವಾಗುತ್ತದೆ. ಎರಡನೆಯ ನಿಯಮ, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವುದು. ದ್ರಾವಣ, ಕರೆಂಟ್, ಶುಚಿ ಕ್ರಮ ಮೂರನ್ನೂ ಒಟ್ಟಿಗೆ ಬದಲಿಸಿದಾಗ ದೋಷ ಮಾಯವಾದರೂ ಅದಕ್ಕೆ ಕಾರಣವೇನೆಂದು ತಿಳಿಯುವುದಿಲ್ಲ.

ಕೆಲಸಕ್ಕೆ ಮುನ್ನ: ಸುರಕ್ಷತೆ

ಕನ್ನಡಕ, ಕೈಗವಸು ಮತ್ತು ಹೊಗೆ ಹೀರುವ ಕಪಾಟು ಇಲ್ಲದೆ ಇಲ್ಲಿ ಹೇಳಿದ ಯಾವ ಆಮ್ಲದ ಕೆಲಸವನ್ನೂ ಮಾಡಬಾರದು. ಆಮ್ಲವನ್ನು ನೀರಿಗೆ ಸೇರಿಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಆಸಿಟೋನ್ ಅಥವಾ ಆಲ್ಕೋಹಾಲಿನಲ್ಲಿ ತೊಳೆದ ಮಾದರಿಯನ್ನು ಹಾಗೆಯೇ ನೈಟ್ರಿಕ್ ಆಮ್ಲಕ್ಕೆ ಇಳಿಸಬಾರದು. ನೈಟ್ರಿಕ್ ಆಮ್ಲ ಮತ್ತು ಸಾವಯವ ದ್ರಾವಕಗಳ ತ್ಯಾಜ್ಯವನ್ನು ಒಂದೇ ಬಾಟಲಿಯಲ್ಲಿ ಸಂಗ್ರಹಿಸಿದರೆ ಅದು ಸ್ಫೋಟಿಸಬಹುದು. ನಿಕಲ್ ಲವಣಗಳು ಚರ್ಮದಲ್ಲಿ ಅಲರ್ಜಿ ಉಂಟುಮಾಡುತ್ತವೆ, ಅವುಗಳ ಧೂಳು ಉಸಿರಿನಲ್ಲಿ ಸೇರಿದರೆ ಕ್ಯಾನ್ಸರ್ ತರಬಲ್ಲವು. ಆದ್ದರಿಂದ ಒಣಗಿದ ನಿಕಲ್ ದ್ರಾವಣದ ಕಲೆಯನ್ನು ಕೆರೆಯದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಸಯನೈಡ್ ಇರುವ ದ್ರಾವಣಕ್ಕೆ ಆಮ್ಲದ ಹನಿ ಬಿದ್ದರೂ ಮಾರಕ ಹೈಡ್ರೋಜನ್ ಸಯನೈಡ್ ಅನಿಲ ಹೊರಬರುತ್ತದೆ. ಅಂಥ ದ್ರಾವಣವನ್ನು ಅದಕ್ಕೆಂದೇ ತರಬೇತಿ ಪಡೆದವರಿಗೆ ಬಿಡಬೇಕು.

ಪದರ ಸಿಪ್ಪೆಯಂತೆ ಏಳುತ್ತದೆ

ಅತಿ ಹೆಚ್ಚು ಕಾಣುವ ದೂರು ಇದೇ, ಮತ್ತು ಅವಸರದ ತೀರ್ಮಾನಗಳು ಹೆಚ್ಚಾಗಿ ನಡೆಯುವುದೂ ಇಲ್ಲಿಯೇ. ಪದರ ಎದ್ದ ಕೂಡಲೇ ಮಾದರಿಯನ್ನು ಬಿಸಾಡಬಾರದು, ಏಕೆಂದರೆ ಕಿತ್ತುಬಂದ ಪದರದ ಬೆನ್ನು ಮತ್ತು ಅದು ಕಿತ್ತ ಜಾಗ, ಇವೆರಡೂ ಸೇರಿ ಕಾರಣವನ್ನು ಬಹುಮಟ್ಟಿಗೆ ಹೇಳಿಬಿಡುತ್ತವೆ. ಸಾಮಾನ್ಯ ಭೂತಗನ್ನಡಿಯಲ್ಲಿ ಎರಡನ್ನೂ ನೋಡಿ. ಪದರದ ಬೆನ್ನು ಹೊಳೆಯುತ್ತಿದ್ದು, ಕೆಳಗಿನ ಲೋಹವೂ ಹೊಸದಾಗಿ ಉಜ್ಜಿದಂತೆ ಕಂಡರೆ ಎರಡರ ನಡುವೆ ಕಣ್ಣಿಗೆ ಕಾಣದ ಜಿಡ್ಡು ಅಥವಾ ಆಕ್ಸೈಡ್ ಇತ್ತೆಂದು ಅರ್ಥ. ಬೆನ್ನಿಗೆ ಕಂದು ಅಥವಾ ಕಪ್ಪು ಮಸಿ ಅಂಟಿದ್ದರೆ ಆಮ್ಲದ ಅದ್ದಿಕೆಯಲ್ಲಿ ಉಳಿದ ಕೊಳೆಯೋ, ಕರೆಂಟ್ ಇಲ್ಲದೆ ತಾನಾಗಿ ಕೂತ ಲೋಹದ ಪುಡಿಯೋ ಅಲ್ಲಿ ಸಿಕ್ಕಿಕೊಂಡಿದೆ. ಪದರವೇ ಎರಡು ಹಾಳೆಗಳಾಗಿ ಬಿಟ್ಟುಕೊಂಡಿದ್ದರೆ, ಅರ್ಧ ಪದರ ಕೆಳಗೇ ಭದ್ರವಾಗಿ ಉಳಿದಿದ್ದರೆ, ಲೇಪನದ ನಡುವೆ ಕರೆಂಟ್ ಒಂದು ಕ್ಷಣ ಕಡಿದಿದೆ. ನಿಕಲ್ ಇಂಥ ಬಿಡುವಿನಲ್ಲಿ ಬೇಗ ಆಕ್ಸೈಡ್ ಕಟ್ಟಿಕೊಳ್ಳುತ್ತದೆ, ಅದರ ಮೇಲೆ ಮತ್ತೆ ಕೂತ ನಿಕಲ್ ಗಟ್ಟಿಯಾಗಿ ಹಿಡಿಯುವುದಿಲ್ಲ. ಆಗ ಪರಿಶೀಲಿಸಬೇಕಾದದ್ದು ಮೊಸಳೆ ಕ್ಲಿಪ್ಪಿನ ಹಿಡಿತವನ್ನು, ದ್ರಾವಣವನ್ನಲ್ಲ.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಶುಚಿಗೊಳಿಸಿದ ಮಿಶ್ರಲೋಹವನ್ನು ಶುದ್ಧ ನೀರಿನಲ್ಲಿ ಅದ್ದಿ ನೆಟ್ಟಗೆ ಎತ್ತಿ ಹಿಡಿಯಿರಿ. ನೀರಿನ ಹಾಳೆ ಸುಮಾರು 30 ಸೆಕೆಂಡುಗಳವರೆಗೆ ಒಡೆಯದೆ ಮೇಲ್ಮೈಯನ್ನೆಲ್ಲ ಆವರಿಸಿ ನಿಂತರೆ ಜಿಡ್ಡು ಹೋಗಿದೆ. ನೀರು ಹನಿಗಳಾಗಿ ಒಡೆದರೆ ಒಡೆದ ಜಾಗದಲ್ಲಿ ಜಿಡ್ಡು ಇನ್ನೂ ಇದೆ. ಬೆರಳಚ್ಚಿನ ಆಕಾರದಲ್ಲೇ ನೀರು ಒಡೆಯುವುದು ಅಪರೂಪವಲ್ಲ. ಈ ಪರೀಕ್ಷೆಯ ಮಿತಿಯನ್ನೂ ತಿಳಿದಿರಬೇಕು: ಅದು ಜಿಡ್ಡನ್ನು ತೋರಿಸುತ್ತದೆ, ಆಕ್ಸೈಡನ್ನು ತೋರಿಸುವುದಿಲ್ಲ, ಮತ್ತು ತೊಳೆಯದೆ ಉಳಿದ ಸಾಬೂನಿನ ಅಂಶವಿದ್ದರೆ ಜಿಡ್ಡಿದ್ದರೂ ನೀರು ಒಡೆಯದೆ ನಿಲ್ಲಬಹುದು. ಹಾಗಾಗಿ ದುರ್ಬಲ ಆಮ್ಲದಲ್ಲಿ ಅದ್ದಿ ತೊಳೆದ ನಂತರ ಇದನ್ನು ಇನ್ನೊಮ್ಮೆ ಮಾಡುವುದು ಒಳ್ಳೆಯದು.

ನೀರಿನ ಪರೀಕ್ಷೆಯಲ್ಲಿ ಗೆದ್ದ ಮೇಲೂ ಪದರ ಏಳುತ್ತಿದ್ದರೆ ಜೊತೆತುಣುಕನ್ನು ನೋಡಿ. ಆಮ್ಲೀಯ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕರೆಂಟೇ ಇಲ್ಲದೆ ಅದು ಕೆಂಪಗಾಗಿದ್ದರೆ ದೋಷ ಸಿಕ್ಕಂತೆಯೇ. ಪ್ರಮಾಣಿತ ವಿಭವದ (ಇದರ ಅಂಕಿ ಕೆಳಗಿದ್ದಷ್ಟೂ ಲೋಹ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟು ಕರಗುತ್ತದೆ) ಲೆಕ್ಕದಲ್ಲಿ ತಾಮ್ರ ಸುಮಾರು +0.34 ವೋಲ್ಟ್‌ನಲ್ಲಿದೆ, ಕಬ್ಬಿಣ −0.44ರಲ್ಲಿ, ಸತು −0.76ರಲ್ಲಿ, ಆದ್ದರಿಂದ ಸ್ಟೀಲಿನ ಕಬ್ಬಿಣವೋ ಹಿತ್ತಾಳೆಯ ಸತುವೋ ಕರಗುತ್ತಾ ತನ್ನ ಎಲೆಕ್ಟ್ರಾನುಗಳನ್ನು ತಾಮ್ರದ ಅಯಾನುಗಳಿಗೆ ಕೊಟ್ಟು, ಸಡಿಲವಾದ ತಾಮ್ರದ ಪುಡಿಯನ್ನು ತನ್ನ ಮೇಲೆ ಕೂರಿಸಿಕೊಳ್ಳುತ್ತದೆ. ಈ ಸ್ಥಾನಪಲ್ಲಟದ ಪುಡಿಯ ಮೇಲೆ ಎಷ್ಟು ಸೊಗಸಾದ ಲೇಪನ ಕಟ್ಟಿದರೂ ಅದು ನಿಲ್ಲುವುದಿಲ್ಲ. ಅತಿ ಸುಲಭದ ಪರಿಹಾರವೆಂದರೆ ಕರೆಂಟ್ ಸಂಪರ್ಕವನ್ನು ಮೊದಲೇ ಕೊಟ್ಟು ಎಲೆಕ್ಟ್ರೋಡನ್ನು ದ್ರಾವಣಕ್ಕೆ ಇಳಿಸುವುದು. ಸ್ಟೀಲಿಗೆ ಅದೂ ಸಾಲದೆ ಹೋದರೆ ಮೊದಲು ತೆಳುವಾದ ನಿಕಲ್ ಪದರವನ್ನು ಕೊಟ್ಟು, ಅದರ ಮೇಲೆ ತಾಮ್ರ ಕೂರಿಸಬೇಕು.

ಸ್ಟೇನ್‌ಲೆಸ್ ಸ್ಟೀಲಿನ ಕಥೆ ಬೇರೆ. ಅಲ್ಲಿ ಜೊತೆತುಣುಕು ಹೊಳೆಯುತ್ತಲೇ ಇರುತ್ತದೆ, ನೀರೂ ಒಡೆಯುವುದಿಲ್ಲ, ಆದರೂ ಪದರ ಹಿಡಿಯುವುದಿಲ್ಲ. 1ರಿಂದ 3 ನ್ಯಾನೋಮೀಟರ್ ದಪ್ಪದ, ಕ್ರೋಮಿಯಂ ಹೆಚ್ಚಿರುವ ಆಕ್ಸೈಡ್ ಪದರ ಅದರ ಮೇಲಿದ್ದು, ಉಜ್ಜಿ ತೆಗೆದರೂ ಗಾಳಿ ತಗುಲಿದ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಇದನ್ನು ಕರಗಿಸುತ್ತಲೇ ಲೋಹ ಕೂರಿಸುವ ವುಡ್ಸ್ ನಿಕಲ್ ದ್ರಾವಣ ಇಲ್ಲಿನ ರೂಢಿಯ ಪರಿಹಾರ: ಲೀಟರಿಗೆ ಸುಮಾರು 240 ಗ್ರಾಂ ನಿಕಲ್ ಕ್ಲೋರೈಡ್, ಸುಮಾರು 125 ಮಿಲಿಲೀಟರ್ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ, ಕೋಣೆಯ ಉಷ್ಣತೆ, ಕೆಲವೇ ನಿಮಿಷಗಳ ಲೇಪನ. ಆನೋಡ್ (ಕರೆಂಟಿನ ಧನ ತುದಿಗೆ ಜೋಡಿಸುವ ಎಲೆಕ್ಟ್ರೋಡ್) ನಿಕಲ್ಲಿನದೇ ಆಗಿರಬೇಕು. ಪ್ಲಾಟಿನಂನಂಥ ಕರಗದ ಆನೋಡ್ ಹಾಕಿದರೆ ಅಲ್ಲಿ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅದಾದ ಮೇಲೆ ಮಾದರಿಯನ್ನು ಒಣಗಲು ಬಿಡದೆ, ತೊಳೆದು ನೇರವಾಗಿ ಮುಂದಿನ ದ್ರಾವಣಕ್ಕೆ ಒಯ್ಯಬೇಕು. ಮೇಲ್ಮೈ ಅಧ್ಯಯನ ಮಾಡುವವರು ಇನ್ನೊಂದು ಮಾತನ್ನು ನೆನಪಿಡಬೇಕು: ಈ ನಿಕಲ್ ಇನ್ನು ಮುಂದೆ ಮಾದರಿಯ ಭಾಗವಾಗಿರುತ್ತದೆ, ರೋಹಿತದಲ್ಲಿ (ಯಾವ ಧಾತುಗಳಿವೆ ಎಂದು ಉಪಕರಣ ತೋರಿಸುವ ಶಿಖರಗಳ ನಕ್ಷೆಯಲ್ಲಿ) ಕಾಣಿಸುತ್ತದೆ, ಅದನ್ನು ದಾಖಲಿಸದೆ ಬಿಟ್ಟರೆ ಮುಂದೆ ಬೇರೆಯವರು ಅದನ್ನು ಸ್ಟೀಲಿನಿಂದ ಬಂದ ನಿಕಲ್ ಎಂದು ಓದುತ್ತಾರೆ.

ಸುಲಭವಾಗಿ ಯಂತ್ರದಲ್ಲಿ ಕಡೆಯಲೆಂದು ಸೀಸ ಬೆರೆಸಿದ ಹಿತ್ತಾಳೆಯಲ್ಲಿ, ಸಲ್ಫ್ಯೂರಿಕ್ ಆಮ್ಲದ ಅದ್ದಿಕೆಯೇ ಕೆಡುಕಿಗೆ ಕಾರಣವಾಗಬಲ್ಲದು. ಮೇಲ್ಮೈಯ ಸೀಸದ ಕಣಗಳು ಕರಗದ ಸೀಸದ ಸಲ್ಫೇಟಾಗಿ ಅಲ್ಲೇ ನಿಲ್ಲುತ್ತವೆ. ಪದರ ಚುಕ್ಕೆಚುಕ್ಕೆಯಾಗಿ ಏಳುತ್ತಿದ್ದರೆ ಇದನ್ನು ಅನುಮಾನಿಸಿ. ಲೇಪನ ಉದ್ಯಮದಲ್ಲಿ ಇದಕ್ಕೆ ಫ್ಲೋಬೋರಿಕ್ ಆಮ್ಲ ಬಳಸುತ್ತಾರೆ. ಅಧ್ಯಯನಕ್ಕಾದರೆ ಸೀಸವಿಲ್ಲದ ಹಿತ್ತಾಳೆಯನ್ನೇ ತರಿಸಿಕೊಳ್ಳುವುದು ಹೆಚ್ಚು ಸುರಕ್ಷಿತ. ಅಲ್ಯುಮಿನಿಯಂ ಮಿಶ್ರಲೋಹಕ್ಕೆ ಸತುವಿನ ತೆಳು ಪದರ ಕೂರಿಸುವ ಜಿಂಕೇಟ್ ಉಪಚಾರ ಸಾಮಾನ್ಯವಾಗಿ ಬೇಕಾಗುತ್ತದೆ. ಮೊದಲ ಸತು ಪದರವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಮತ್ತೊಮ್ಮೆ ಕೂರಿಸಿದಾಗ ಹಿಡಿತ ಇನ್ನಷ್ಟು ಸುಧಾರಿಸುತ್ತದೆ.

ಎದ್ದ ಪದರ ಯಾವ ಕಡೆಗೆ ಸುರುಳಿಯಾಗಿದೆ ಎಂಬುದನ್ನೂ ಗಮನಿಸಬೇಕು. ಅಂಚುಗಳು ಮೇಲಕ್ಕೆದ್ದು ಒಳಮುಖವಾಗಿ ಸುತ್ತಿಕೊಂಡಿದ್ದರೆ ಪದರದಲ್ಲಿ ಎಳೆತದ ಒತ್ತಡ ಇತ್ತು. ಉಬ್ಬಿ ಗುಳ್ಳೆಯಾಗಿ ಎದ್ದಿದ್ದರೆ ಅದುಮುವ ಒತ್ತಡವೋ ಕೆಳಗೆ ಸೇರಿದ ಹೈಡ್ರೋಜನ್ ಅನಿಲವೋ ಕಾರಣವಾಗಿರಬಹುದು. ನಿಕಲ್ ದ್ರಾವಣದಲ್ಲಿ ಕ್ಲೋರೈಡ್ ಹೆಚ್ಚಾದಷ್ಟೂ ಎಳೆತದ ಒತ್ತಡ ಹೆಚ್ಚುತ್ತದೆ, ಸ್ಯಾಕರಿನ್ ಅದನ್ನು ತಗ್ಗಿಸುತ್ತದೆ, ಆದರೆ ಸ್ಯಾಕರಿನ್ ಸೇರಿಸಿದ ಪದರದೊಳಗೆ ಗಂಧಕವೂ ಸೇರುತ್ತದೆ. ಶುದ್ಧ ನಿಕಲ್ ಮೇಲ್ಮೈಯನ್ನು ಅಭ್ಯಸಿಸಬೇಕೆಂದಿರುವವರಿಗೆ ಅದು ಸಲ್ಲದ ಪರಿಹಾರ. ಪದರವನ್ನು ತೆಳುವಾಗಿಸುವುದು ಮೇಲು.

ಇಲ್ಲಿ ನಿಲ್ಲಿಸಬೇಕಾದ ಗೆರೆ ಸ್ಪಷ್ಟವಿದೆ. ಮಿಶ್ರಲೋಹ ಟೈಟಾನಿಯಂನದಾಗಿದ್ದು, ಅದರ ಆಕ್ಸೈಡ್ ತೆಗೆಯಲು ಹೈಡ್ರೋಫ್ಲೋರಿಕ್ ಆಮ್ಲ ಬೇಕೆಂದು ಕಂಡುಬಂದರೆ, ಆ ಆಮ್ಲಕ್ಕೆಂದೇ ಸಜ್ಜಾದ ಪ್ರಯೋಗಾಲಯಕ್ಕೆ ಕೆಲಸವನ್ನು ಒಪ್ಪಿಸಿ. ಅದು ಚರ್ಮದ ಮೂಲಕ ಒಳಗಿಳಿದು ರಕ್ತದ ಕ್ಯಾಲ್ಸಿಯಂ ಅನ್ನೇ ಕಸಿಯುತ್ತದೆ, ದುರ್ಬಲ ದ್ರಾವಣದ ಸುಡುಗಾಯಕ್ಕೆ ತಕ್ಷಣ ನೋವೂ ಇರದಿರಬಹುದು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದೆ ಅದರ ಬಾಟಲಿಯನ್ನು ತೆರೆಯಲೇಬಾರದು. ಹಾಗೆಯೇ, ಮಾದರಿ ಹೆಚ್ಚು ಬಲದ ಸ್ಟೀಲಾಗಿದ್ದು ಮುಂದೆ ಭಾರ ಹೊರುವ ಭಾಗವಾಗುವುದಿದ್ದರೆ, ಆಮ್ಲದ ಅದ್ದಿಕೆ ಮತ್ತು ಲೇಪನದಲ್ಲಿ ಒಳಸೇರುವ ಹೈಡ್ರೋಜನ್‌ನಿಂದ ಅದು ಮುನ್ಸೂಚನೆಯಿಲ್ಲದೆ ಮುರಿಯಬಹುದು. ಲೇಪನವಾದ ಕೆಲವೇ ಗಂಟೆಗಳೊಳಗೆ ಸುಮಾರು 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸುವುದು ರೂಢಿ, ಆದರೆ ಅವಧಿಯನ್ನು ನಿರ್ಧರಿಸಬೇಕಾದವರು ಆ ಭಾಗದ ವಿನ್ಯಾಸ ಮಾಡಿದವರು.

ಅಂಚುಗಳು ಕಪ್ಪಾಗಿ, ಪುಡಿಪುಡಿಯಾಗಿವೆ

ಅಂಚು ಮತ್ತು ಮೂಲೆಗಳಲ್ಲಿ ಕರೆಂಟ್ ದಟ್ಟೈಸುತ್ತದೆ. ಅಲ್ಲಿಗೆ ಲೋಹದ ಅಯಾನುಗಳು ಬಂದು ಸೇರುವ ವೇಗಕ್ಕಿಂತ ಅವು ಖರ್ಚಾಗುವ ವೇಗ ಹೆಚ್ಚಾದಾಗ ಪದರ ಒರಟಾಗಿ, ಕೊಂಬೆಕೊಂಬೆಯಾಗಿ, ಕೊನೆಗೆ ಕಪ್ಪು ಪುಡಿಯಾಗಿ ಬೆಳೆಯುತ್ತದೆ. ಮೊದಲು ವಿಸ್ತೀರ್ಣದ ಲೆಕ್ಕವನ್ನು ಮತ್ತೆ ಮಾಡಿ. ಮುಳುಗಿರುವ ಹಿಂಬದಿಯನ್ನು ಬಿಟ್ಟಿದ್ದರೆ, ಟೇಪು ಹಚ್ಚಿ ಮುಚ್ಚಿದ ಭಾಗವನ್ನೂ ಸೇರಿಸಿದ್ದರೆ, ಲೆಕ್ಕದ ಕರೆಂಟ್ ಸಾಂದ್ರತೆಗೂ ನಿಜವಾದದ್ದಕ್ಕೂ ಅಜಗಜಾಂತರವಾಗುತ್ತದೆ. ನಂತರ ಕಲಕುವಿಕೆ, ಉಷ್ಣತೆ, ಆನೋಡಿನ ಸ್ಥಾನ. ಕೊನೆಗೆ ದ್ರಾವಣದಲ್ಲಿರುವ ಲೋಹದ ಪ್ರಮಾಣ.

ನಿಕಲ್ ಪದರದ ಸುಟ್ಟ ಅಂಚಿನಲ್ಲಿ ಹಸಿರು ಛಾಯೆ ಕಂಡರೆ ಅಲ್ಲಿ ಪಿಎಚ್ ಏರಿ ನಿಕಲ್ ಹೈಡ್ರಾಕ್ಸೈಡ್ ಸಿಕ್ಕಿಕೊಂಡಿದೆ. ನಿಕಲ್ ಲೇಪನಕ್ಕೆ ರೂಢಿಯಲ್ಲಿರುವ ವಾಟ್ಸ್ ದ್ರಾವಣದಲ್ಲಿ ಲೀಟರಿಗೆ 30ರಿಂದ 45 ಗ್ರಾಂ ಬೋರಿಕ್ ಆಮ್ಲ ಇರುವುದು ಈ ಏರಿಕೆಯನ್ನು ತಡೆಯಲೆಂದೇ, ಮತ್ತು ಅದರ ಪಿಎಚ್ 3.5ರಿಂದ 4.5ರ ನಡುವೆ ಇರಬೇಕು. ದ್ರಾವಣ ತಣ್ಣಗಾದಾಗ ಬೋರಿಕ್ ಆಮ್ಲ ಹರಳಾಗಿ ತಳಕ್ಕೆ ಇಳಿಯುತ್ತದೆ. ತಣ್ಣಗಿರುವಾಗ ಸೋಸಿದರೆ ಅದು ಸೋಸುಕಾಗದದಲ್ಲೇ ಉಳಿದು ನಷ್ಟವಾಗಿಬಿಡುತ್ತದೆ.

ಇದಕ್ಕೆ ತದ್ವಿರುದ್ಧವಾಗಿ ಅಂಚು ಚೆನ್ನಾಗಿದ್ದು ನಡುಭಾಗವೋ ಮಡಿಕೆಯ ಒಳಗೋ ಕಪ್ಪಾಗಿದ್ದರೆ ನಿಕಲ್ ದ್ರಾವಣಕ್ಕೆ ತಾಮ್ರ ಅಥವಾ ಸತು ಸೇರಿದೆ. ಎಲ್ಲಿಂದ ಬಂತು ಎಂದು ದೂರ ಹುಡುಕುವ ಅಗತ್ಯವಿಲ್ಲ: ಹಿತ್ತಾಳೆಯ ಎಲೆಕ್ಟ್ರೋಡನ್ನು ಕರೆಂಟಿಲ್ಲದೆ ದ್ರಾವಣದಲ್ಲಿ ಬಿಟ್ಟಷ್ಟು ಹೊತ್ತೂ ಅದು ಕರಗುತ್ತಿರುತ್ತದೆ. ಮಡಿಚಿದ ತಗಡನ್ನು ಕ್ಯಾಥೋಡ್ (ಲೋಹ ಬಂದು ಕೂರುವ ಎಲೆಕ್ಟ್ರೋಡ್) ಮಾಡಿ ಪ್ರತಿ ಚದರ ಸೆಂಟಿಮೀಟರಿಗೆ 2ರಿಂದ 5 ಮಿಲಿಆಂಪಿಯರ್‌ನಂತೆ ಗಂಟೆಗಟ್ಟಲೆ ಕರೆಂಟ್ ಹರಿಸಿದರೆ ಈ ಕಲ್ಮಷ ಬಹುಪಾಲು ಅದರ ಮೇಲೆ ಕೂತು ಹೊರಬರುತ್ತದೆ. ಯಾವ ಕರೆಂಟಿಗೆ ಯಾವ ಬಗೆಯ ಪದರ ಬರುತ್ತದೆಂದು ಒಂದೇ ತಗಡಿನ ಮೇಲೆ ನೋಡಬೇಕಾದರೆ ಹಲ್ ಕೋಶ ಬಳಸಿ. ಕ್ಯಾಥೋಡ್ ಓರೆಯಾಗಿ ನಿಲ್ಲುವ, 267 ಮಿಲಿಲೀಟರ್ ಹಿಡಿಯುವ ಈ ಪುಟ್ಟ ತೊಟ್ಟಿ ಲೇಪನದ ಕೆಲಸದಲ್ಲಿ ಹೂಡಿದ ಹಣಕ್ಕೆ ಅತಿ ಹೆಚ್ಚು ಮಾಹಿತಿ ಕೊಡುವ ಸಾಧನವೆಂದು ನನ್ನ ಅಭಿಪ್ರಾಯ.

ಸೂಜಿಮೊನೆಯಂಥ ಗುಳಿಗಳು ಕಾಣುತ್ತವೆ

ಗುಳಿಯ ಆಕಾರವನ್ನು ನೋಡಿ. ದುಂಡಗಿದ್ದು ಮೇಲ್ಮುಖವಾಗಿ ಬಾಲದಂಥ ಗೆರೆ ಇದ್ದರೆ ಹೈಡ್ರೋಜನ್ ಗುಳ್ಳೆ ಅಲ್ಲಿ ಅಂಟಿಕೊಂಡಿತ್ತು. ಕಲಕುವುದನ್ನು ಹೆಚ್ಚಿಸಿದರೆ, ಇಲ್ಲವೇ ಎಲೆಕ್ಟ್ರೋಡನ್ನು ಆಗಾಗ ಅಲುಗಿಸಿದರೆ ಅದು ಕಡಿಮೆಯಾಗುತ್ತದೆ. ಗುಳ್ಳೆ ಅಂಟದಂತೆ ನಿಕಲ್ ದ್ರಾವಣಕ್ಕೆ ಸಾಬೂನಿನಂಥ ಸೋಡಿಯಂ ಲಾರಿಲ್ ಸಲ್ಫೇಟ್ ಸೇರಿಸುವ ರೂಢಿಯೂ ಇದೆ, ಆದರೆ ಅದರ ಕುರುಹು ಮೇಲ್ಮೈ ರೋಹಿತದಲ್ಲಿ ಇಂಗಾಲ, ಗಂಧಕವಾಗಿ ಕಾಣಬಹುದು. ಕಲಕಿದರೂ ಹೋಗದ ಗುಳಿಗಳಿಗೆ ಎಣ್ಣೆ ಅಥವಾ ಅಂಟಿನಂಥ ಸಾವಯವ ಕಲ್ಮಷ ಕಾರಣವಿರುತ್ತದೆ. ದ್ರಾವಣವನ್ನು ಸಕ್ರಿಯ ಇದ್ದಿಲಿನೊಂದಿಗೆ ಕಲಕಿ ಸೋಸಬೇಕು, ನಂತರ ಬೇಕಾದ ಸೇರ್ಪಡೆಗಳನ್ನು ಮತ್ತೆ ಹಾಕಬೇಕು.

ಗುಳಿಗಳು ಪ್ರತಿ ಮಾದರಿಯಲ್ಲೂ ಒಂದೇ ಬಗೆಯ ಸಾಲುಗಳಲ್ಲಿ ಬಂದರೆ ಅದು ಹಾಳೆಯನ್ನು ಉರುಳೆಗಳ ನಡುವೆ ಎಳೆದ ದಿಕ್ಕು. ಮಿಶ್ರಲೋಹದೊಳಗಿನ ಸಲ್ಫೈಡ್ ಕಣಗಳು ಆ ದಿಕ್ಕಿನಲ್ಲಿ ಉದ್ದವಾಗಿ ಮಲಗಿರುತ್ತವೆ, ಆಮ್ಲದಲ್ಲಿ ಅವು ಕರಗಿ ಗುಂಡಿಯಾಗುತ್ತದೆ. ಜೊತೆತುಣುಕಿನಲ್ಲೂ ಅವೇ ಗುಂಡಿಗಳಿರುತ್ತವೆ, ಆದ್ದರಿಂದ ಆಮ್ಲದಲ್ಲಿ ಅದ್ದುವ ಹೊತ್ತನ್ನು ಕಡಿಮೆ ಮಾಡಬೇಕೇ ಹೊರತು ಲೇಪನ ದ್ರಾವಣವನ್ನು ಮುಟ್ಟಬೇಕಿಲ್ಲ.

ವಿಭವದ ಅಂಕಿ ದಿನಕ್ಕೊಂದು ರೀತಿ ಬರುತ್ತದೆ

ವಿಭವದ ಎದುರು ಕರೆಂಟನ್ನು ಬರೆದ ನಿನ್ನೆಯ ರೇಖೆ ಇಂದಿನದಕ್ಕಿಂತ ಪಕ್ಕಕ್ಕೆ ಸರಿದಿದ್ದರೆ ಎಷ್ಟು ಸರಿದಿದೆ ಎಂದು ಅಳೆಯಿರಿ. ಸುಮಾರು 44 ಮಿಲಿವೋಲ್ಟ್ ಆಗಿದ್ದರೆ ರೆಫರೆನ್ಸ್ ಎಲೆಕ್ಟ್ರೋಡ್ (ವಿಭವ ಅಳೆಯಲು ಹೋಲಿಕೆಗೆ ಇಡುವ ಸ್ಥಿರ ಎಲೆಕ್ಟ್ರೋಡ್) ಬೇರೆ ಬಗೆಯದಾಗಿದೆ: ಪರ್ಯಾಪ್ತ ಪೊಟ್ಯಾಸಿಯಂ ಕ್ಲೋರೈಡಿನ ಬೆಳ್ಳಿ–ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್ 25 ಡಿಗ್ರಿಯಲ್ಲಿ ಪ್ರಮಾಣಿತ ಹೈಡ್ರೋಜನ್ ಎಲೆಕ್ಟ್ರೋಡಿಗಿಂತ 0.197 ವೋಲ್ಟ್ ಮೇಲಿದೆ, ಪರ್ಯಾಪ್ತ ಕ್ಯಾಲೊಮೆಲ್ (ಪಾದರಸ–ಪಾದರಸ ಕ್ಲೋರೈಡ್) ಎಲೆಕ್ಟ್ರೋಡ್ 0.241 ವೋಲ್ಟ್ ಮೇಲಿದೆ. ಬೇರೆ ಅಂಕಿಯಾದರೆ, ಮುಟ್ಟದೆ ಕಾಪಾಡಿಟ್ಟ ಅದೇ ಬಗೆಯ ಇನ್ನೊಂದು ರೆಫರೆನ್ಸ್ ಎಲೆಕ್ಟ್ರೋಡಿನ ಎದುರು ಅದೇ ಉಪ್ಪಿನ ದ್ರಾವಣದಲ್ಲಿ ಮಲ್ಟಿಮೀಟರಿನಿಂದ ಅಳೆಯಿರಿ. ವ್ಯತ್ಯಾಸ ಕೆಲವೇ ಮಿಲಿವೋಲ್ಟ್ ಇದ್ದರೆ ಸರಿ. 10 ದಾಟಿದರೆ ಒಳಗಿನ ದ್ರಾವಣ ಬದಲಿಸಬೇಕು, ಆಮೇಲೂ ಸರಿಹೋಗದಿದ್ದರೆ ಎಲೆಕ್ಟ್ರೋಡನ್ನೇ ಬದಲಿಸಬೇಕು.

ಅಂಕಿಗಳು ಸರಿಯದೆ ಕುಣಿಯುತ್ತಿದ್ದರೆ ರೆಫರೆನ್ಸ್ ಎಲೆಕ್ಟ್ರೋಡನ್ನು ಮಾದರಿಯ ಸಮೀಪಕ್ಕೆ ಸೇರಿಸುವ ಲಗ್ಗಿನ್ ಕೊಳವೆಯಲ್ಲಿ ಗಾಳಿಯ ಗುಳ್ಳೆ ಇದೆಯೇ ನೋಡಿ. ಇದು ಕೇವಲ ಅಳತೆಯ ದೋಷವಲ್ಲ. ರೆಫರೆನ್ಸ್ ಸಂಪರ್ಕ ತಪ್ಪಿದ ಪೊಟೆನ್ಶಿಯೋಸ್ಟಾಟ್ (ಮಾದರಿಯ ವಿಭವವನ್ನು ಬೇಕಾದಷ್ಟಕ್ಕೆ ಹಿಡಿದಿಡುವ ಉಪಕರಣ) ತನ್ನ ಪೂರ್ತಿ ವೋಲ್ಟೇಜನ್ನು ಕೋಶದ ಮೇಲೆ ಹಾಕಿಬಿಡುತ್ತದೆ. ಮಾದರಿ ಹಾಳಾಗುವುದರ ಜೊತೆಗೆ ಮುಚ್ಚಿದ ಕೋಶದಲ್ಲಿ ಹೈಡ್ರೋಜನ್, ಆಮ್ಲಜನಕ ಎರಡೂ ಕೂಡಿಕೊಳ್ಳುತ್ತವೆ. ಓವರ್‌ಲೋಡ್ ದೀಪ ಹತ್ತಿದ ಕೂಡಲೇ ಕೋಶವನ್ನು ಕಡಿತಗೊಳಿಸಿ, ತಂತಿಗಳನ್ನು ಆಮೇಲೆ ಮುಟ್ಟಿ. ಉಪಕರಣವನ್ನೇ ಪರೀಕ್ಷಿಸಲು ಕೋಶದ ಬದಲು 1 ಕಿಲೋಓಮ್ ರೆಸಿಸ್ಟರ್ ಸಾಕು: ಒಂದು ತುದಿಗೆ ವರ್ಕಿಂಗ್ ತಂತಿ (ಮಾದರಿಗೆ ಜೋಡಿಸುವುದು), ಇನ್ನೊಂದಕ್ಕೆ ರೆಫರೆನ್ಸ್ ಮತ್ತು ಕೌಂಟರ್ (ಕರೆಂಟಿನ ಎದುರು ಎಲೆಕ್ಟ್ರೋಡಿನ) ತಂತಿಗಳೆರಡನ್ನೂ ಸೇರಿಸಿ 1 ವೋಲ್ಟ್ ಕೊಟ್ಟಾಗ 1 ಮಿಲಿಆಂಪಿಯರ್ ಬರಬೇಕು. ಬಾರದಿದ್ದರೆ ತಂತಿ ಬದಲಿಸಿ ನೋಡಿ. ಆಗಲೂ ಬಾರದಿದ್ದರೆ ಪೆಟ್ಟಿಗೆ ಬಿಚ್ಚದೆ ತಯಾರಕರ ಸೇವಾ ವಿಭಾಗಕ್ಕೆ ಕಳಿಸಿ.

ದಪ್ಪ ಲೆಕ್ಕಕ್ಕೆ ಸಿಗುವುದಿಲ್ಲ

ಫ್ಯಾರಡೆ ನಿಯಮದಂತೆ ಪ್ರತಿ ಚದರ ಸೆಂಟಿಮೀಟರಿಗೆ 1 ಕೂಲಂಬ್ ಹರಿದರೆ, ಎಂದರೆ 10 ಮಿಲಿಆಂಪಿಯರ್‌ನಂತೆ 100 ಸೆಕೆಂಡು ಹರಿಸಿದರೆ, ತಾಮ್ರ ಸುಮಾರು 0.37 ಮೈಕ್ರೋಮೀಟರ್, ನಿಕಲ್ ಸುಮಾರು 0.34 ಮೈಕ್ರೋಮೀಟರ್ ಕೂರಬೇಕು. ಅಳತೆಯಲ್ಲಿ ಇದರ ಅರ್ಧವೇ ಬಂದರೆ ಹಿಂಬದಿಗೂ ಲೇಪನವಾಗಿದೆಯೇ ಎಂದು ತಿರುಗಿಸಿ ನೋಡಿ. ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಕರೆಂಟಿನ ಪಾಲು ಹೈಡ್ರೋಜನ್ ಹುಟ್ಟಿಸಲು ಹೋಗುತ್ತಿದೆ. ಆಮ್ಲೀಯ ತಾಮ್ರದ ಲೇಪನದಲ್ಲಿ ದಕ್ಷತೆ (ಹರಿದ ಕರೆಂಟಿನಲ್ಲಿ ಲೋಹ ಕೂರಿಸಲು ಬಳಕೆಯಾದ ಪಾಲು) ನೂರಕ್ಕೆ ನೂರರ ಹತ್ತಿರವಿರಬೇಕು, ಆದ್ದರಿಂದ ಅಲ್ಲಿ ಗುಳ್ಳೆಗಳು ಕಂಡರೆ ಕರೆಂಟ್ ಮಿತಿ ಮೀರಿದೆ.

ತೂಕದಿಂದ ಪರೀಕ್ಷಿಸುವವರು ಒಂದು ಎಚ್ಚರ ವಹಿಸಬೇಕು. 1 ಕೂಲಂಬಿಗೆ ಕೂರುವ ತಾಮ್ರ 0.33 ಮಿಲಿಗ್ರಾಂ ಮಾತ್ರ, ನಿಕಲ್ 0.30 ಮಿಲಿಗ್ರಾಂ, 0.1 ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ಇವೆರಡರ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಜೊತೆತುಣುಕನ್ನೂ ತೂಗಿ, ಅದರ ತೂಕ ಲೇಪನ ದ್ರಾವಣದಲ್ಲಿ ಎಷ್ಟು ಬದಲಾಯಿತೆಂದು ನೋಡದೆ ದಕ್ಷತೆಯ ಅಂಕಿಯನ್ನು ಬರೆಯಬಾರದು, ಏಕೆಂದರೆ ಸತು ಅಥವಾ ಕಬ್ಬಿಣ ಕರಗಿದ ನಷ್ಟ ಲೇಪನದ ಗಳಿಕೆಯಲ್ಲಿ ಮುಚ್ಚಿಹೋಗಿರುತ್ತದೆ.

ಇಡಿಎಸ್‌ನಲ್ಲಿ ಇರಬಾರದ ಧಾತುಗಳು ಕಾಣುತ್ತವೆ

ತಾಮ್ರದ ಪದರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ಇಡಿಎಸ್ (ಎಲೆಕ್ಟ್ರಾನುಗಳ ಹೊಡೆತಕ್ಕೆ ಹೊರಬರುವ ಎಕ್ಸ್-ಕಿರಣಗಳಿಂದ ಧಾತು ಗುರುತಿಸುವ ವಿಧಾನ) ರೋಹಿತ ತೆಗೆದಾಗ ಕಬ್ಬಿಣ, ಕ್ರೋಮಿಯಂಗಳ ಶಿಖರಗಳು ಎದ್ದು ಕಾಣುತ್ತವೆ ಎಂಬ ಕಾರಣಕ್ಕೆ ಪದರದಲ್ಲಿ ರಂಧ್ರಗಳಿವೆ ಎಂದೋ, ಎರಡು ಲೋಹಗಳು ಬೆರೆತಿವೆ ಎಂದೋ ತೀರ್ಮಾನಿಸುವುದು ಸರಿಯಲ್ಲ. 20 ಕಿಲೋವೋಲ್ಟ್‌ನ ಎಲೆಕ್ಟ್ರಾನುಗಳು ತಾಮ್ರದಲ್ಲಿ ಸುಮಾರು 1.5 ಮೈಕ್ರೋಮೀಟರ್ ಆಳಕ್ಕೆ ಇಳಿಯುತ್ತವೆ, 0.3 ಮೈಕ್ರೋಮೀಟರ್ ಪದರವನ್ನು ದಾಟಿ ಅವು ಸ್ಟೀಲನ್ನೇ ಹೆಚ್ಚಾಗಿ ಓದುತ್ತಿರುತ್ತವೆ. ವೋಲ್ಟೇಜನ್ನು 5 ಕಿಲೋವೋಲ್ಟ್‌ಗೆ ಇಳಿಸಿದಾಗ ಆಳ ಸುಮಾರು 0.15 ಮೈಕ್ರೋಮೀಟರಿಗೆ ಕುಗ್ಗುತ್ತದೆ. ಆಗ ತಳದ ಕಬ್ಬಿಣ, ಕ್ರೋಮಿಯಂಗಳ ಹೆಚ್ಚು ಶಕ್ತಿಯ ಕೆ ಶಿಖರಗಳು (ಪರಮಾಣುವಿನ ಒಳಕವಚದಿಂದ ಬರುವವು) ಹೇಗಿದ್ದರೂ ಹುಟ್ಟುವುದಿಲ್ಲ; ಅವುಗಳ ಕಡಿಮೆ ಶಕ್ತಿಯ ಎಲ್ ಶಿಖರಗಳೂ ಮಾಯವಾದರೆ ಪದರ ಅಖಂಡವಾಗಿದೆ, ಆಗಲೂ ಉಳಿದರೆ ಮಾತ್ರ ರಂಧ್ರದ ಮಾತು ಆಡಬಹುದು.

ವೋಲ್ಟೇಜ್ ಇಳಿಸಿದ್ದಕ್ಕೂ ಬೆಲೆ ತೆರಬೇಕಾಗುತ್ತದೆ. 5 ಕಿಲೋವೋಲ್ಟ್‌ನಲ್ಲಿ ತಾಮ್ರದ 8.05 ಕಿಲೋಎಲೆಕ್ಟ್ರಾನ್‌ವೋಲ್ಟ್‌ನ ಕೆ-ಆಲ್ಫಾ ಶಿಖರ ಹುಟ್ಟುವುದೇ ಇಲ್ಲ. ಉಳಿಯುವ ಎಲ್-ಆಲ್ಫಾ ಶಿಖರ 0.93ರಲ್ಲಿದ್ದು ನಿಕಲ್ಲಿನ 0.85ರ ಶಿಖರದೊಂದಿಗೆ ಭಾಗಶಃ ಬೆರೆಯುತ್ತದೆ. ಹೆಚ್ಚಿನ ವೋಲ್ಟೇಜಿನಲ್ಲಿಯೂ ಬಲೆಗಳಿವೆ: ನಿಕಲ್ಲಿನ ಕೆ-ಬೀಟಾ ಶಿಖರ 8.26ರಲ್ಲಿ, ತಾಮ್ರದ ಕೆ-ಆಲ್ಫಾ ಪಕ್ಕದಲ್ಲೇ ನಿಲ್ಲುತ್ತದೆ, ಕ್ರೋಮಿಯಂನ ಕೆ-ಬೀಟಾ 5.95ರಲ್ಲಿದ್ದು ಮ್ಯಾಂಗನೀಸಿನ 5.90ರ ಮೇಲೆ ಕೂರುತ್ತದೆ. ಸಾಫ್ಟ್‌ವೇರ್ ತಾನಾಗಿ ಹಚ್ಚಿದ ಹೆಸರುಗಳನ್ನು ಹಾಗೆಯೇ ನಂಬದೆ, ಜೊತೆತುಣುಕಿನ ರೋಹಿತವನ್ನು ಅದೇ ವೋಲ್ಟೇಜಿನಲ್ಲಿ ತೆಗೆದು ಪಕ್ಕದಲ್ಲಿಟ್ಟು ಓದಬೇಕು.

ಚಿತ್ರದಲ್ಲಿ ಈಗಷ್ಟೇ ನೋಡಿದ ಜಾಗ ಕಪ್ಪು ಆಯತವಾಗಿ ಉಳಿದರೆ ಅದು ಪದರದ ದೋಷವಲ್ಲ; ಎಲೆಕ್ಟ್ರಾನುಗಳ ಹೊಡೆತಕ್ಕೆ ಮೇಲ್ಮೈಯ ಸಾವಯವ ಕೊಳೆ ಒಡೆದು ಇಂಗಾಲವಾಗಿ ಗಟ್ಟಿಯಾದ ಗುರುತು.

ಎಕ್ಸ್‌ಪಿಎಸ್‌ನಲ್ಲಿ ಎಲ್ಲಿ ನೋಡಿದರೂ ಇಂಗಾಲ ಮತ್ತು ಆಕ್ಸೈಡ್

ಎಕ್ಸ್‌ಪಿಎಸ್ (ಎಕ್ಸ್-ಕಿರಣ ಬಿದ್ದಾಗ ಹೊರಬೀಳುವ ಎಲೆಕ್ಟ್ರಾನುಗಳ ಶಕ್ತಿಯನ್ನು ಅಳೆಯುವ ವಿಧಾನ) ಓದುವುದು ಮೇಲಿನ 5ರಿಂದ 10 ನ್ಯಾನೋಮೀಟರ್ ಮಾತ್ರ. ಗಾಳಿ ಕಂಡ ಯಾವ ಲೋಹದಲ್ಲೂ ಅಷ್ಟರೊಳಗೆ ಇಂಗಾಲ, ಆಮ್ಲಜನಕ ಇದ್ದೇ ಇರುತ್ತವೆ. ಅವು ಕಂಡ ಮಾತ್ರಕ್ಕೆ ಲೇಪನ ಕೆಟ್ಟಿದೆ ಎನ್ನಲಾಗದು. ಜೊತೆತುಣುಕಿನಲ್ಲಿರುವುದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಇಂಗಾಲ ಮಾದರಿಯಲ್ಲಿದ್ದರೆ ಮಾತ್ರ ದ್ರಾವಣದ ಸೇರ್ಪಡೆಗಳನ್ನು ಅನುಮಾನಿಸಬೇಕು. ಕ್ಲೋರಿನ್, ಗಂಧಕ, ಸೋಡಿಯಂ ಕಂಡರೆ ತೊಳೆದದ್ದು ಸಾಲದು.

ತಾಮ್ರದ ವಿಷಯದಲ್ಲಿ ತಪ್ಪು ಓದುವಿಕೆ ಬಹಳ ಸಾಮಾನ್ಯ. ಲೋಹರೂಪದ ತಾಮ್ರವೂ ಕ್ಯೂಪ್ರಸ್ ಆಕ್ಸೈಡೂ (Cu₂O) 932.6 ಎಲೆಕ್ಟ್ರಾನ್‌ವೋಲ್ಟ್‌ನ ಆಸುಪಾಸಿನಲ್ಲೇ ಶಿಖರ ಕೊಡುವುದರಿಂದ ಆ ಶಿಖರವೊಂದನ್ನೇ ನೋಡಿ ಪದರ ಶುದ್ಧ ಲೋಹವೆಂದು ಬರೆಯಲಾಗದು. ತಾಮ್ರದ ಆಜೆ ರೇಖೆಯನ್ನು (ಅದೇ ರೋಹಿತದಲ್ಲಿ ಬೇರೆಡೆ ಬರುವ, ಆಜೆ ಎಲೆಕ್ಟ್ರಾನುಗಳ ಶಿಖರವನ್ನು) ನೋಡಬೇಕು, ಅಲ್ಲಿ ಲೋಹ ಸುಮಾರು 918.6ರಲ್ಲೂ ಕ್ಯೂಪ್ರಸ್ ಆಕ್ಸೈಡ್ ಸುಮಾರು 916.8 ಎಲೆಕ್ಟ್ರಾನ್‌ವೋಲ್ಟ್ ಚಲನಶಕ್ತಿಯಲ್ಲೂ ಬೇರೆಬೇರೆಯಾಗಿ ನಿಲ್ಲುತ್ತವೆ. ಕ್ಯೂಪ್ರಿಕ್ ಆಕ್ಸೈಡಿಗೆ (CuO) 940ರಿಂದ 945ರ ನಡುವಿನ ಉಪಶಿಖರಗಳೇ ಗುರುತು. ಆರ್ಗಾನ್ ಅಯಾನುಗಳಿಂದ ಮೇಲ್ಮೈ ಕೆರೆದ ನಂತರ ಆ ಉಪಶಿಖರಗಳು ಮಾಯವಾದರೆ ಆಕ್ಸೈಡ್ ತೆಳುವಾಗಿತ್ತು ಎಂದೇ ಅರ್ಥವಲ್ಲ, ಅಯಾನುಗಳ ಹೊಡೆತವೇ ಕ್ಯೂಪ್ರಿಕ್ ಆಕ್ಸೈಡನ್ನು ಅಪಕರ್ಷಿಸಿರಬಹುದು. ಎಕ್ಸ್-ಕಿರಣದ ಕೆಳಗೆ ಹೆಚ್ಚು ಹೊತ್ತಿಟ್ಟರೂ ಹೀಗಾಗುವುದುಂಟು. ಆದ್ದರಿಂದ ತಾಮ್ರದ ಶಿಖರಗಳನ್ನು ಎಲ್ಲಕ್ಕಿಂತ ಮೊದಲು ದಾಖಲಿಸಿ, ಕೊನೆಯಲ್ಲಿ ಅದೇ ಜಾಗದಲ್ಲಿ ಮತ್ತೊಮ್ಮೆ ತೆಗೆದು ಹೋಲಿಸಿ.

ಎಎಫ್‌ಎಂ ಚಿತ್ರದಲ್ಲಿ ಒಂದೇ ಆಕಾರ ಮರುಕಳಿಸುತ್ತದೆ

ಈ ಉಪಕರಣ ಸೂಕ್ಷ್ಮ ಮೊನೆಯಿಂದ ಮೇಲ್ಮೈಯನ್ನು ಸವರಿ ಅದರ ಏರುತಗ್ಗುಗಳ ಚಿತ್ರ ಬರೆಯುತ್ತದೆ. ಎಲ್ಲ ಕಣಗಳೂ ಒಂದೇ ದಿಕ್ಕಿಗೆ ಮುಖ ಮಾಡಿದ ತ್ರಿಕೋನಗಳಂತೆ, ಅಥವಾ ಜೋಡಿಜೋಡಿಯಾಗಿ ಕಂಡರೆ ಮುರಿದ ಮೊನೆ ತನ್ನದೇ ಆಕಾರವನ್ನು ಬರೆಯುತ್ತಿದೆ. ಮಾದರಿಯನ್ನು 90 ಡಿಗ್ರಿ ತಿರುಗಿಸಿ. ಆಕಾರಗಳು ತಿರುಗದಿದ್ದರೆ ಮೊನೆ ಬದಲಿಸಿ. ಒರಟುತನದ ಅಂಕಿ ಚಿತ್ರದ ಅಳತೆಯೊಂದಿಗೆ ಬದಲಾಗುವುದರಿಂದ ಒಂದೇ ಅಳತೆಯ ಚಿತ್ರಗಳನ್ನಷ್ಟೇ ಹೋಲಿಸಬೇಕು, ಮತ್ತು ಉಜ್ಜಿದ ಗೆರೆಗಳು ತೆಳು ಪದರದ ಮೇಲೂ ಹಾಗೆಯೇ ಮೂಡಿರುತ್ತವೆ ಎಂಬುದನ್ನು ಜೊತೆತುಣುಕಿನ ಚಿತ್ರ ನೋಡಿ ಕಳೆಯಬೇಕು.

ಎಕ್ಸ್‌ಆರ್‌ಡಿಯಲ್ಲಿ ಪದರದ ಶಿಖರವೇ ಸಿಗುವುದಿಲ್ಲ

ಈ ವಿಧಾನದಲ್ಲಿ ಎಕ್ಸ್-ಕಿರಣ ಹರಳುಗಳಿಂದ ಯಾವ ಕೋನಗಳಲ್ಲಿ ಚದುರುತ್ತದೆ ಎಂದು ನೋಡುತ್ತಾರೆ; (111)ನಂಥ ಅಂಕಿಗಳು ಹರಳಿನೊಳಗಿನ ತಲಗಳ ಹೆಸರು. ತಾಮ್ರದ ಕೆ-ಆಲ್ಫಾ ವಿಕಿರಣದಲ್ಲಿ ತಾಮ್ರದ (111) ಶಿಖರ 43.3 ಡಿಗ್ರಿಯಲ್ಲಿ ಬರುತ್ತದೆ, ಆಸ್ಟೆನೈಟ್ ಜಾತಿಯ ಸ್ಟೇನ್‌ಲೆಸ್ ಸ್ಟೀಲಿನದು ಸುಮಾರು 43.6ರಲ್ಲಿ. ನಿಕಲ್ಲಿನದು 44.5ರಲ್ಲಿ, ಸಾಮಾನ್ಯ ಸ್ಟೀಲಿನ ಕಬ್ಬಿಣದ (110) ಶಿಖರ 44.7ರಲ್ಲಿ. ತೆಳು ಪದರದ ಕ್ಷೀಣ ಶಿಖರ ತಳದ ಎತ್ತರದ ಶಿಖರದಲ್ಲಿ ಮುಳುಗಿಹೋಗುವುದು ಸಹಜ. ನಿಕಲ್ ಮತ್ತು ಕಬ್ಬಿಣವನ್ನು ಎರಡನೆಯ ಶಿಖರಗಳಿಂದ ಬೇರ್ಪಡಿಸಬಹುದು, ಅವು 51.8 ಮತ್ತು 65.0 ಡಿಗ್ರಿಗಳಲ್ಲಿ ದೂರದೂರ ಇವೆ. ತಾಮ್ರ ಮತ್ತು ಆಸ್ಟೆನೈಟ್‌ಗೆ ಆ ಅನುಕೂಲವಿಲ್ಲ. ಕಿರಣವನ್ನು ಮೇಲ್ಮೈಗೆ ಸವರಿದಂತೆ ಅತಿ ಓರೆಯಾಗಿ ಹಾಯಿಸುವ ವಿಧಾನವೇ ಬೇಕು. ಮಾದರಿ ಹಿಡಿಕೆಯಲ್ಲಿ ಸ್ವಲ್ಪ ಎತ್ತರ ತಗ್ಗಾಗಿ ಕೂತರೂ ಎಲ್ಲ ಶಿಖರಗಳೂ ಪಕ್ಕಕ್ಕೆ ಸರಿಯುವುದರಿಂದ, 0.1 ಡಿಗ್ರಿಯ ಸರಿತವನ್ನು ಒತ್ತಡವೆಂದು ಅರ್ಥೈಸುವ ಮೊದಲು ತಳದ ಶಿಖರವೂ ಸರಿದಿದೆಯೇ ಎಂದು ನೋಡಬೇಕು.

ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕೊಡುವಾಗ

ಮೇಲಿನ ಸುಲಭದ ಪರೀಕ್ಷೆಗಳೆಲ್ಲ ಮುಗಿದ ಮೇಲೂ ಕಾರಣ ತಿಳಿಯದಿದ್ದರೆ ಅಡ್ಡಸೀಳಿಕೆಯ ಚಿತ್ರ, ಆಳದ ರೋಹಿತ ಮುಂತಾದ ದುಬಾರಿ ಪರೀಕ್ಷೆಗಳಿಗೆ ಮಾದರಿಯನ್ನು ಕೊಡಬೇಕಾಗುತ್ತದೆ. ಆಗ ಮಿಶ್ರಲೋಹದ ದರ್ಜೆ, ಶುಚಿ ಮಾಡಿದ ಕ್ರಮ, ದ್ರಾವಣದ ಸಂಯೋಜನೆ, ಹರಿಸಿದ ಕೂಲಂಬ್, ಲೇಪನವಾದ ದಿನ ಇಷ್ಟನ್ನೂ ಬರೆದುಕೊಡಿ, ಜೊತೆತುಣುಕನ್ನು ಪ್ರತ್ಯೇಕ ಡಬ್ಬಿಯಲ್ಲಿ ಹೆಸರು ಹಚ್ಚಿ ಕಳಿಸಿ. ಪದರವನ್ನು ಬರಿಗೈಯಿಂದ ಮುಟ್ಟಬೇಡಿ. ಮೃದು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಅದರ ಮೃದುಕಾರಿ ಮತ್ತು ಸಿಲಿಕೋನ್ ಅಂಶಗಳು ಮೇಲ್ಮೈಗೆ ಹತ್ತುತ್ತವೆ. ನಿಕಲ್ ಮತ್ತು ಕೋಬಾಲ್ಟ್ ಪದರಗಳು ಅಯಸ್ಕಾಂತಕ್ಕೆ ಸೆಳೆಯಲ್ಪಡುತ್ತವೆ ಎಂಬುದನ್ನೂ, ಪದರ ಪುಡಿಯಾಗಿ ಉದುರುತ್ತಿದ್ದರೆ ಅದನ್ನೂ ಮೊದಲೇ ತಿಳಿಸಿ, ಏಕೆಂದರೆ ಸೂಕ್ಷ್ಮದರ್ಶಕದ ಮಸೂರದ ಬಳಿಗೆ ಹಾರಿ ಅಂಟಿಕೊಂಡ ಒಂದು ಚೂರು ಆ ಉಪಕರಣವನ್ನೇ ನಿಲ್ಲಿಸಿಬಿಡಬಲ್ಲದು.